ದಾರಿ, ತಿದಿ, ಗಾಳಿ: ಮನೆಯಲ್ಲಿಟ್ಟುಕೊಳ್ಳುವ ಉಸಿರಿನ ಯಂತ್ರಗಳ ಟಿಪ್ಪಣಿ

ನಮ್ಮ ಮನೆ ಶಿಡ್ಲಘಟ್ಟದಲ್ಲಿ. ಅಪ್ಪ ಮೂವತ್ತು ವರ್ಷ ರೇಷ್ಮೆ ನೂಲು ಬಿಚ್ಚಿದವರು. ಈಗ ಅವರ ಮಂಚದ ಪಕ್ಕ ಒಂದು ಸಿಪ್ಯಾಪ್ ಕೂತಿದೆ, ನಿದ್ದೆಯಲ್ಲಿ ಗಾಳಿಯ ಒತ್ತಡದಿಂದ ಗಂಟಲಿನ ದಾರಿ ತೆರೆದಿಡುವ ಯಂತ್ರ. ಚಿಂತಾಮಣಿಯಲ್ಲಿರುವ ದೊಡ್ಡಪ್ಪನ ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಇದೆ, ಕೋಣೆಯ ಗಾಳಿಯಿಂದ ಆಕ್ಸಿಜನ್ ಸೋಸಿ ಕೊಡುವ ಯಂತ್ರ. ನಾನು ಓದುತ್ತಿರುವುದೂ ಉಸಿರಾಟ ಚಿಕಿತ್ಸೆಯ ತಂತ್ರಜ್ಞಾನವನ್ನೇ. ಹಾಗಾಗಿ ಬಂದ ನೆಂಟರೆಲ್ಲ ನನ್ನನ್ನೇ ಕೇಳುತ್ತಾರೆ: "ಅಣ್ಣನಿಗೆ ಆಕ್ಸಿಜನ್ ಕೊಟ್ಟಿದ್ದಾರೆ, ತಮ್ಮನಿಗೆ ಬರೀ ಗಾಳಿನಾ?" ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಕೇಳುವುದೂ ಇದೇ ಪ್ರಶ್ನೆ, ಮಾತು ಮಾತ್ರ ಬೇರೆ. ಇದಕ್ಕೆ ಸರಿಯಾಗಿ ಉತ್ತರ ಹೇಳಲು ಬಂದರೆ ಈ ಅಧ್ಯಾಯದ ಮುಕ್ಕಾಲು ಭಾಗ ಮುಗಿದಂತೆ.

ಕಮ್ಮಾರನ ಕುಲುಮೆ ನೆನಪು ಮಾಡಿಕೊಳ್ಳಿ. ತಿದಿ ಒತ್ತುತ್ತಾನೆ, ಗಾಳಿ ಕೊಳವೆಯಲ್ಲಿ ಹೋಗುತ್ತದೆ, ಕೆಂಡ ಕೆಂಪಾಗುತ್ತದೆ. ಕೆಂಡ ಆರುತ್ತಿದ್ದರೆ ಕಾರಣ ಮೂರರಲ್ಲಿ ಒಂದು. ಕೊಳವೆ ಕಟ್ಟಿಕೊಂಡಿದೆ, ಇಲ್ಲವೇ ತಿದಿಗೆ ಬಲವಿಲ್ಲ, ಇಲ್ಲವೇ ಗಾಳಿ ಬಂದರೂ ಕೆಂಡ ಅದನ್ನು ಹಿಡಿದುಕೊಳ್ಳುತ್ತಿಲ್ಲ. ದೇಹದಲ್ಲೂ ಹಾಗೇ: ಗಂಟಲಿನ ದಾರಿ ಮುಚ್ಚಿದರೆ ಸಿಪ್ಯಾಪ್. ತಿದಿ, ಅಂದರೆ ಉಸಿರಾಡಿಸುವ ಬಲ, ಸೋತರೆ ಎರಡು ಒತ್ತಡ ಕೊಡುವ ಬೈಪ್ಯಾಪ್. ಶ್ವಾಸಕೋಶವೇ ಹಾಳಾಗಿ ಆಕ್ಸಿಜನ್ ರಕ್ತಕ್ಕೆ ಸೇರದಿದ್ದರೆ ಕಾನ್ಸಂಟ್ರೇಟರ್. ಕೊಳವೆ ಕಟ್ಟಿರುವಾಗ ಎಷ್ಟೇ ಒಳ್ಳೆಯ ಗಾಳಿ ಕೊಟ್ಟರೂ ಒಳಗೆ ಹೋಗುವುದಿಲ್ಲ, ಅಲ್ವಾ? ಅಪ್ಪನಿಗೆ "ಬರೀ ಗಾಳಿ" ಕೊಟ್ಟಿರುವುದು ಅದಕ್ಕೇ.

ನಿದ್ದೆಯಲ್ಲಿ ದಾರಿ ಮುಚ್ಚುವುದು

ಎಚ್ಚರವಿದ್ದಾಗ ಗಂಟಲಿನ ಸ್ನಾಯುಗಳು ಬಿಗಿಯಾಗಿದ್ದು ದಾರಿಯನ್ನು ತೆರೆದಿಡುತ್ತವೆ. ನಿದ್ದೆ ಬಂದಾಗ ಅವು ಸಡಿಲವಾಗುತ್ತವೆ. ಕೆಲವರಲ್ಲಿ ನಾಲಿಗೆಯ ಬುಡ ಮತ್ತು ಮೆತ್ತನೆಯ ಅಂಗುಳು ಹಿಂದಕ್ಕೆ ಬಿದ್ದು ದಾರಿ ಪೂರ್ತಿ ಮುಚ್ಚಿಹೋಗುತ್ತದೆ. ಎದೆ, ಹೊಟ್ಟೆ ಏಳುತ್ತಾ ಬೀಳುತ್ತಾ ಇರುತ್ತವೆ, ಗಾಳಿ ಮಾತ್ರ ಓಡಾಡುವುದಿಲ್ಲ. ಅಮ್ಮ ಇದನ್ನು ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಹೇಳುತ್ತಿದ್ದಳು: "ಗೊರಕೆ ನಿಂತ್ರೆ ನಂಗೆ ಎಚ್ಚರ ಆಗ್ತಿತ್ತು, ಮತ್ತೆ ಶುರುವಾದ್ಮೇಲೆ ನಿದ್ದೆ." ಗೊರಕೆ, ಮೌನ, ಆಮೇಲೆ ಉಸಿರುಕಟ್ಟಿ ಏಳುವ ಸದ್ದು. ರೋಗಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ. ರೋಗದ ಚರಿತ್ರೆ ಕೇಳುವಾಗ ಪಕ್ಕದಲ್ಲಿ ಮಲಗುವವರನ್ನು ಬಿಡಬೇಡಿ.

ಪರೀಕ್ಷೆಗೆ ಬೇಕಾದ ವ್ಯಾಖ್ಯೆ: ಗಾಳಿಯ ಹರಿವು ಶೇ. 90 ಅಥವಾ ಹೆಚ್ಚು ಇಳಿದು 10 ಸೆಕೆಂಡಾದರೂ ಹಾಗೇ ಇದ್ದರೆ ಅಪ್ನಿಯಾ. ಶೇ. 30ರಷ್ಟಾದರೂ ಇಳಿದು, ಜೊತೆಗೆ ಆಕ್ಸಿಜನ್ ಮಟ್ಟವೂ ಇಳಿದರೆ ಅಥವಾ ನಿದ್ದೆ ಕದಡಿದರೆ ಹೈಪಾಪ್ನಿಯಾ. ಇವೆರಡನ್ನೂ ಕೂಡಿಸಿ ಗಂಟೆಗೆ ಎಷ್ಟು ಎಂದು ಲೆಕ್ಕ ಹಾಕಿದರೆ ಅಪ್ನಿಯಾ-ಹೈಪಾಪ್ನಿಯಾ ಸೂಚ್ಯಂಕ, ಅಂದರೆ ಎಎಚ್‌ಐ. 5ಕ್ಕಿಂತ ಕಡಿಮೆ ಸಹಜ, 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ.

ಇಲ್ಲಿ ಒಂದು ಗುಂಡಿ ಇದೆ, ನಾನೂ ಬಿದ್ದಿದ್ದೇನೆ. ಮನೆಗೆ ಕೊಟ್ಟು ಕಳಿಸುವ ನಿದ್ದೆ ಪರೀಕ್ಷೆಯ ಪೆಟ್ಟಿಗೆಯಲ್ಲಿ ಮೂಗಿನ ನಳಿಕೆ, ಎದೆಯ ಬೆಲ್ಟು, ಬೆರಳಿನ ಆಕ್ಸಿಮೀಟರ್ ಇರುತ್ತವೆ. ಸಾಮಾನ್ಯವಾಗಿ ಮಿದುಳಿನ ಅಲೆ ಅಳೆಯುವ ತಂತಿ ಇರುವುದಿಲ್ಲ. ಅಂದರೆ ಮನುಷ್ಯ ಮಲಗಿದ್ದಾನೋ, ಸುಮ್ನೆ ಕಣ್ಣು ಮುಚ್ಚಿ ಹೊರಳಾಡುತ್ತಿದ್ದಾನೋ ಪೆಟ್ಟಿಗೆಗೆ ಗೊತ್ತಿಲ್ಲ. ಒಟ್ಟು 210 ಘಟನೆ, ದಾಖಲಾತಿ 7 ಗಂಟೆ ಎಂದಿಟ್ಟುಕೊಳ್ಳಿ. ಭಾಗಿಸಿದರೆ 30. ಆದರೆ ಆ ಮನುಷ್ಯ ನಿಜವಾಗಿ ನಿದ್ದೆ ಮಾಡಿದ್ದು 5 ಗಂಟೆಯಾದರೆ? 42. ಮನೆ ಪರೀಕ್ಷೆ ರೋಗವನ್ನು ಇರುವುದಕ್ಕಿಂತ ಚಿಕ್ಕದಾಗಿ ತೋರಿಸಬಹುದು. ಲಕ್ಷಣ ಜಾಸ್ತಿ ಇದ್ದು ವರದಿ ಸಹಜ ಎಂದು ಬಂದರೆ ಲ್ಯಾಬಿನಲ್ಲಿ ಪೂರ್ತಿ ರಾತ್ರಿಯ ಪರೀಕ್ಷೆ ಮಾಡಿಸಬೇಕು ಎನ್ನುವುದು ಇದಕ್ಕೇ.

10 ಸೆಂಟಿಮೀಟರ್ ಎಂದರೆ ಎಷ್ಟು?

ಸಿಪ್ಯಾಪ್ ಒತ್ತಡವನ್ನು ನೀರಿನ ಸೆಂಟಿಮೀಟರಿನಲ್ಲಿ ಅಳೆಯುತ್ತಾರೆ. ಸಾಮಾನ್ಯ ಯಂತ್ರ 4ರಿಂದ 20ರವರೆಗೆ ಕೊಡುತ್ತದೆ. ಇದನ್ನು ಬಾಯಿಪಾಠ ಮಾಡುವ ಬದಲು ಮಾಡಿ ನೋಡಿ. ಎತ್ತರದ ಲೋಟ ತುಂಬ ನೀರು, ಒಂದು ಎಳನೀರಿನ ಸ್ಟ್ರಾ. ಸ್ಟ್ರಾಗೆ ತುದಿಯಿಂದ 10 ಸೆಂಟಿಮೀಟರಿಗೆ ಪೆನ್ನಿನಲ್ಲಿ ಗೆರೆ ಹಾಕಿ, ಗೆರೆಯವರೆಗೆ ನೀರಿಗಿಳಿಸಿ ಊದಿ. ಮೊದಲ ಗುಳ್ಳೆ ಬಂದಾಗ ನಿಮ್ಮ ಬಾಯಲ್ಲಿರುವ ಒತ್ತಡವೇ 10. ಹೊರಗಿನ ವಾತಾವರಣದ ಒತ್ತಡಕ್ಕೆ ಹೋಲಿಸಿದರೆ ಇದು ಸುಮಾರು ನೂರಕ್ಕೆ ಒಂದು ಪಾಲು. "ಯಂತ್ರ ಎದೆ ಒಡೆದುಬಿಡುತ್ತೆ" ಎಂದು ಹೆದರುವವರ ಮುಂದೆ ಈ ಲೋಟ ಇಟ್ಟರೆ ಸಾಕು. ಹುಟ್ಟಿದ ಕೂಸುಗಳಿಗೆ ಕೊಡುವ ಬಬಲ್ ಸಿಪ್ಯಾಪ್ ಕೆಲಸ ಮಾಡುವುದೂ ಹೀಗೇ, ಕೊಳವೆಯ ತುದಿಯನ್ನು ನೀರಿನಲ್ಲಿ ಮುಳುಗಿಸಿ.

ಇಷ್ಟು ಸಣ್ಣ ಒತ್ತಡ ಏನು ಮಾಡುತ್ತದೆ? ಗಾಳಿಯನ್ನು ನೂಕಿ ಉಸಿರಾಡಿಸುವುದಿಲ್ಲ. ಗಂಟಲಿನ ಗೋಡೆಗಳು ಒಳಕ್ಕೆ ಬೀಳದಂತೆ ಊರುಗೋಲು ಕೊಡುತ್ತದೆ, ಅಷ್ಟೇ. ಉಸಿರಾಡುವ ಕೆಲಸ ರೋಗಿಯದೇ. ಸಿಡ್ನಿಯ ವೈದ್ಯ ಕಾಲಿನ್ ಸಲ್ಲಿವನ್ 1981ರಲ್ಲಿ ಇದನ್ನು ಮೊದಲು ಪ್ರಕಟಿಸಿದಾಗ ಅವರ ಬಳಿ ಇದ್ದದ್ದು 5 ರೋಗಿಗಳ ವಿವರ ಮಾತ್ರ.

ಬೈಪ್ಯಾಪಿನಲ್ಲಿ ಒತ್ತಡ ಎರಡು. ಒಳಗೆಳೆದುಕೊಳ್ಳುವಾಗ ಜಾಸ್ತಿ, ಹೊರಬಿಡುವಾಗ ಕಡಿಮೆ. ಈ ಎರಡರ ನಡುವಿನ ವ್ಯತ್ಯಾಸವೇ ತಿದಿಗೆ ಕೊಡುವ ಕೈಬಲ. ಒಳಗೆ 14, ಹೊರಗೆ 6 ಇದ್ದರೆ ಕೈಬಲ 8. ಸ್ನಾಯು ಸೋತವರು, ಬೆನ್ನುಮೂಳೆ ಡೊಂಕಾಗಿ ಎದೆ ಹಿಗ್ಗದವರು, ಬೊಜ್ಜಿನಿಂದ ಉಸಿರು ಸಾಲದವರು, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದ ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶ ರೋಗ) ರೋಗಿಗಳು, ಇವರಿಗೆ ಬೇಕಾದದ್ದು ಇದು.

ತೂತಿಗೆ ಪ್ಲಾಸ್ಟರ್ ಹಾಕಿದ ಕಥೆ

ಅಪ್ಪನ ಮಾಸ್ಕಿನ ಮುಂಭಾಗದಲ್ಲಿ ಸಾಸಿವೆಗಿಂತ ಚಿಕ್ಕ ತೂತುಗಳ ಸಾಲಿದೆ. ಅದರಿಂದ ಸದಾ ಸುಸ್ ಎಂದು ಗಾಳಿ ಬರುತ್ತದೆ. ಮೊದಲ ವಾರ ನಾನು ಹಾಸ್ಟೆಲಿನಲ್ಲಿದ್ದೆ. ಅಮ್ಮ ಆ ಗಾಳಿ ನೋಡಿ, ಮಾಸ್ಕ್ ಸೋರುತ್ತಿದೆ ಎಂದುಕೊಂಡು ಎಲ್ಲ ತೂತಿಗೂ ಬಿಳಿ ಪ್ಲಾಸ್ಟರ್ ಅಂಟಿಸಿದ್ದಳು. ಬಹಳ ನೀಟಾಗಿ, ಕತ್ತರಿಯಲ್ಲಿ ಅಳತೆಗೆ ಕತ್ತರಿಸಿ. ಅಪ್ಪ ಅರ್ಧ ಗಂಟೆಯಲ್ಲೇ ಉಬ್ಬಸ ಬಂದವರಂತೆ ಎದ್ದು ಮಾಸ್ಕ್ ಕಿತ್ತೆಸೆದರಂತೆ. ಯಂತ್ರ ತಂದುಕೊಟ್ಟವನು ಹೇಗೆ ಆನ್ ಮಾಡಬೇಕು ಎಂದಷ್ಟೇ ಹೇಳಿ ಹೋಗಿದ್ದ. ತೂತಿನ ವಿಷಯ ಯಾರೂ ಹೇಳಿರಲಿಲ್ಲ.

ಮನೆಯ ಸಿಪ್ಯಾಪಿಗೆ ಇರುವುದು ಒಂದೇ ಕೊಳವೆ. ಬಿಟ್ಟ ಉಸಿರು ಹೊರಹೋಗಲು ಆ ತೂತುಗಳೇ ದಾರಿ. ಮುಚ್ಚಿದರೆ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳಬೇಕಾಗುತ್ತದೆ. ಅದಕ್ಕೇ ಇದನ್ನು ಉದ್ದೇಶದ ಸೋರಿಕೆ ಎನ್ನುತ್ತೇವೆ. ಕೆನ್ನೆಯ ಪಕ್ಕದಿಂದ ಕಣ್ಣಿಗೆ ಬರುವ ಗಾಳಿ ಬೇರೆ, ಅದು ನಿಜವಾದ ಸೋರಿಕೆ. ಅದಕ್ಕೆ ಪಟ್ಟಿ ಬಿಗಿ ಮಾಡುವುದು ಎಲ್ಲರೂ ಮಾಡುವ ತಪ್ಪು. ಬಿಗಿ ಮಾಡಿದಷ್ಟೂ ಮೆತ್ತೆ ಸುಕ್ಕಾಗಿ ಸೋರಿಕೆ ಹೆಚ್ಚುತ್ತದೆ, ಮೂಗಿನ ಮೇಲೆ ಹುಣ್ಣೂ ಆಗುತ್ತದೆ. ಮಲಗಿಕೊಂಡೇ, ಯಂತ್ರ ಆನ್ ಇರುವಾಗ ಮಾಸ್ಕನ್ನು ಒಮ್ಮೆ ಮುಖದಿಂದ ಎತ್ತಿ ಮತ್ತೆ ಕೂರಿಸಿ. ಮೆತ್ತೆ ಗಾಳಿ ತುಂಬಿಕೊಂಡು ತಾನೇ ಕೂರುತ್ತದೆ. ಮಲಗುವ ಮುಂಚೆ ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚುವ ಅಭ್ಯಾಸವಿದ್ದರೆ ಬಿಡಿಸಿ, ಜಾರುತ್ತದೆ.

ದೊಡ್ಡಪ್ಪನ ಆಕ್ಸಿಜನ್

ದೊಡ್ಡಪ್ಪನಿಗೆ ಸಿಒಪಿಡಿ. ಬೀಡಿ, ಸೌದೆ ಒಲೆ, ಎರಡೂ ಸೇರಿದವು. ಕಾನ್ಸಂಟ್ರೇಟರ್ ಆಕ್ಸಿಜನ್ ತಯಾರಿಸುವುದಿಲ್ಲ, ಸೋಸುತ್ತದೆ. ಕೋಣೆಯ ಗಾಳಿಯನ್ನು ಒತ್ತಿ ಜಿಯೋಲೈಟ್ ಹರಳುಗಳ ಮೇಲೆ ಹಾಯಿಸಿದಾಗ ನೈಟ್ರೋಜನ್ ಅಲ್ಲೇ ಅಂಟಿಕೊಳ್ಳುತ್ತದೆ, ಉಳಿದದ್ದು ಶೇ. 93ರ ಆಸುಪಾಸಿನ ಆಕ್ಸಿಜನ್. ಎರಡು ಡಬ್ಬಿಗಳು ಸರದಿಯಲ್ಲಿ ಕೆಲಸ ಮಾಡುತ್ತವೆ. ನಡುನಡುವೆ ಕೇಳುವ ಆ "ಪುಸ್" ಎಂಬ ನಿಟ್ಟುಸಿರು, ಒಂದು ಡಬ್ಬಿ ಹಿಡಿದಿಟ್ಟ ನೈಟ್ರೋಜನ್ ಬಿಡುವ ಸದ್ದು.

ಯಾರಿಗೆ ಮನೆಯಲ್ಲಿ ದೀರ್ಘಕಾಲ ಆಕ್ಸಿಜನ್? ಸ್ಥಿರವಾಗಿರುವಾಗಲೂ ಅಪಧಮನಿ ರಕ್ತದ ಆಕ್ಸಿಜನ್ ಒತ್ತಡ ಪಾದರಸದ 55 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ, ಇಲ್ಲವೇ ಸ್ಯಾಚುರೇಷನ್ (ಹಿಮೋಗ್ಲೋಬಿನ್ನಿನಲ್ಲಿ ಆಕ್ಸಿಜನ್ ತುಂಬಿದ ಪಾಲು) ಶೇ. 88 ಅಥವಾ ಕಡಿಮೆ ಇರುವವರಿಗೆ. ದಿನಕ್ಕೆ 15 ಗಂಟೆಯಾದರೂ ಹಾಕಿಕೊಳ್ಳಬೇಕು. 1980 ಮತ್ತು 1981ರಲ್ಲಿ ಬಂದ ಎರಡು ಅಧ್ಯಯನಗಳ ಮೇಲೆ ನಿಂತ ನಿಯಮ ಇದು. ಸುಸ್ತಾದಾಗ ಹತ್ತು ನಿಮಿಷ ಹಾಕಿ ತೆಗೆಯುವುದರಿಂದ ಆಯಸ್ಸು ಹೆಚ್ಚುವುದಿಲ್ಲ.

ಈಗ ಬಹಳ ಮುಖ್ಯವಾದದ್ದು. ಒಂದು ಸಂಜೆ ಆಕ್ಸಿಮೀಟರ್ 89 ತೋರಿಸಿತು ಎಂದು ದೊಡ್ಡಪ್ಪನ ಮಗ ಹೆದರಿ, ನಿಮಿಷಕ್ಕೆ 1 ಲೀಟರ್ ಇದ್ದ ಹರಿವನ್ನು 4ಕ್ಕೆ ಏರಿಸಿದ. ಸಂಖ್ಯೆ 97 ಆಯಿತು, ಎಲ್ಲರಿಗೂ ಸಮಾಧಾನ. ಬೆಳಗ್ಗೆ ದೊಡ್ಡಪ್ಪ ತಲೆನೋವು ಅಂದರು, ಮಾತು ತೊದಲಿತು, ಕಾಫಿ ಲೋಟ ಹಿಡಿದುಕೊಂಡೇ ತೂಕಡಿಸಿದರು. ಆಸ್ಪತ್ರೆಯಲ್ಲಿ ರಕ್ತ ನೋಡಿದರೆ ಡೈಆಕ್ಸೈಡ್ ಏರಿತ್ತು. ಇಂಥ ರೋಗಿಗಳಿಗೆ ಗುರಿಯೇ 88ರಿಂದ 92. 89 ಅಂದರೆ ಸರಿಯಾಗಿಯೇ ಇತ್ತು!

ಕಾರಣ ಕೇಳಿದರೆ "ಉಸಿರಾಡುವ ಪ್ರಚೋದನೆ ಕಡಿಮೆಯಾಗುತ್ತದೆ" ಎಂದಷ್ಟೇ ಬರೆದು ಬಿಡಬೇಡಿ. ಅದು ಒಂದು ಪಾಲು ಮಾತ್ರ. ಗಾಳಿ ಸರಿಯಾಗಿ ಹೋಗದ ಭಾಗಗಳಿಗೆ ಶ್ವಾಸಕೋಶ ರಕ್ತವನ್ನೂ ಕಡಿಮೆ ಕಳಿಸುತ್ತಿರುತ್ತದೆ. ಆಕ್ಸಿಜನ್ ಜಾಸ್ತಿಯಾದಾಗ ಆ ಬಿಗಿ ಸಡಿಲವಾಗಿ ರಕ್ತ ಕೆಲಸಕ್ಕೆ ಬಾರದ ಕಡೆಗೆ ಹರಿಯುತ್ತದೆ. ಮೂರನೆಯದು ಹಾಲ್ಡೇನ್ ಪರಿಣಾಮ: ಆಕ್ಸಿಜನ್ ತುಂಬಿಕೊಂಡ ಹಿಮೋಗ್ಲೋಬಿನ್ ಡೈಆಕ್ಸೈಡನ್ನು ಬಿಟ್ಟುಬಿಡುತ್ತದೆ. ಮೂರನ್ನೂ ಬರೆದರೆ ಅಂಕ ಪೂರ್ತಿ.

ಬೆರಳಿನ ಆಕ್ಸಿಮೀಟರ್ 660 ಮತ್ತು 940 ನ್ಯಾನೋಮೀಟರಿನ ಎರಡು ಬೆಳಕು ಹಾಯಿಸಿ ಹಿಮೋಗ್ಲೋಬಿನ್ನಿನ ಬಣ್ಣ ನೋಡುತ್ತದೆ, ಅಷ್ಟೇ. ಡೈಆಕ್ಸೈಡ್ ಅದಕ್ಕೆ ಕಾಣುವುದೇ ಇಲ್ಲ. ಅಂದು ಬೆಳಗ್ಗೆ ಸಂಖ್ಯೆ ಚೆನ್ನಾಗಿತ್ತು, ಮನುಷ್ಯ ಚೆನ್ನಾಗಿರಲಿಲ್ಲ. ಮೆಹಂದಿ, ಉಗುರುಬಣ್ಣ, ಚಳಿಗೆ ತಣ್ಣಗಾದ ಬೆರಳು, ಇವೂ ಸಂಖ್ಯೆ ಕೆಡಿಸುತ್ತವೆ. ಕಪ್ಪು ಚರ್ಮದವರಲ್ಲಿ ಇರುವುದಕ್ಕಿಂತ ಸ್ವಲ್ಪ ಹೆಚ್ಚಾಗಿ ತೋರಿಸುವುದೂ ಉಂಟು.

ಬೆಂಕಿಯ ವಿಷಯ ಎಲ್ಲರಿಗೂ ಗೊತ್ತು, ಆದರೂ ನಮ್ಮ ಮನೆಗಳಲ್ಲಿ ಮರೆಯುವುದು ಒಲೆಯನ್ನಲ್ಲ, ದೇವರ ದೀಪವನ್ನು. ಊದುಬತ್ತಿ, ಕರ್ಪೂರದ ಆರತಿ ಕೂಡ. ಕನಿಷ್ಠ 3 ಮೀಟರ್ ದೂರ. ಮೂಗು ಒಣಗಿದರೆ ವ್ಯಾಸಲೀನ್ ಹಚ್ಚಬೇಡಿ, ನೀರು ಆಧಾರಿತ ಜೆಲ್ ಕೇಳಿ.

ಕರೆಂಟು ಮತ್ತು ನೀರು

ಪುಸ್ತಕದಲ್ಲಿ ಇಲ್ಲದ, ಆದರೆ ನಮ್ಮ ಕಡೆ ಮೊದಲು ಕೇಳುವ ಪ್ರಶ್ನೆ: ಕರೆಂಟ್ ಹೋದರೆ? 12 ವೋಲ್ಟ್, 150 ಆಂಪಿಯರ್-ಅವರ್ ಇನ್ವರ್ಟರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್-ಅವರ್ ಇರುತ್ತದೆ. ನಷ್ಟ ಕಳೆದು 1000 ಸಿಗುತ್ತದೆ ಎಂದಿಟ್ಟುಕೊಳ್ಳಿ. ತೇವಕಾರಿಯ (ಗಾಳಿಗೆ ತೇವ ಸೇರಿಸುವ ನೀರಿನ ಡಬ್ಬಿ) ಬಿಸಿ ಆಫ್ ಮಾಡಿದ ಸಿಪ್ಯಾಪ್ ಸುಮಾರು 30 ವ್ಯಾಟ್ ತಿನ್ನುತ್ತದೆ, 8 ಗಂಟೆಗೆ 240. ಎರಡು ಮೂರು ರಾತ್ರಿ ಆರಾಮಾಗಿ ನಡೆಯುತ್ತದೆ. 5 ಲೀಟರಿನ ಕಾನ್ಸಂಟ್ರೇಟರ್ 350 ವ್ಯಾಟ್. ಮೂರು ಗಂಟೆ ದಾಟುವುದಿಲ್ಲ, ಕಂಪ್ರೆಸರ್ ಶುರುವಾಗುವಾಗಿನ ಎಳೆತಕ್ಕೆ ಚಿಕ್ಕ ಇನ್ವರ್ಟರ್ ಕೈಕೊಡಲೂಬಹುದು. ಅದಕ್ಕೆ ದೊಡ್ಡಪ್ಪನ ಮನೆಯಲ್ಲಿ ಒಂದು ಬಿ ಟೈಪ್ ಆಕ್ಸಿಜನ್ ಸಿಲಿಂಡರ್ ಇದೆ. ತುಂಬಿದಾಗ ಸುಮಾರು 1500 ಲೀಟರ್. ನಿಮಿಷಕ್ಕೆ 1 ಲೀಟರ್ ಹರಿವಿಗೆ 25 ಗಂಟೆ, 2 ಲೀಟರಿಗೆ ಹನ್ನೆರಡೂವರೆ.

ನೀರಿನದು ನಮ್ಮ ಜಿಲ್ಲೆಯದೇ ತಲೆನೋವು. ಸಾವಿರ ಅಡಿ ದಾಟಿದ ಬೋರ್‌ವೆಲ್ ನೀರನ್ನು ಸಿಪ್ಯಾಪಿನ ನೀರಿನ ಡಬ್ಬಿಗೆ ಹಾಕಿದರೆ ವಾರದಲ್ಲೇ ಬಿಳಿ ಪೊರೆ ಕಟ್ಟುತ್ತದೆ. ರೇಷ್ಮೆ ಬಿಚ್ಚಾಣಿಕೆಯ ಬಾಣಲೆಯ ಅಂಚಿನಲ್ಲಿ ಕಟ್ಟುವಂಥದ್ದೇ ಪೊರೆ. ಕುದಿಸಿದರೆ ಸುಣ್ಣ ಪೂರ್ತಿ ಹೋಗುವುದಿಲ್ಲ, ಶುದ್ಧ ನೀರಿನ ಘಟಕದ ಕ್ಯಾನ್ ನೀರು ಕುಡಿಯಲು ಸರಿ, ಆದರೆ ಅದು ಡಿಸ್ಟಿಲ್ಡ್ ನೀರಲ್ಲ. ಡಿಸ್ಟಿಲ್ಡ್ ನೀರನ್ನೇ ತನ್ನಿ, ಉಳಿದದ್ದನ್ನು ಬೆಳಗ್ಗೆ ಚೆಲ್ಲಿ, ಡಬ್ಬಿಯನ್ನು ಒಣಗಿಸಿ. ಡಿಸೆಂಬರಿನಲ್ಲಿ ನಂದಿ ಕಡೆಯಿಂದ ಚಳಿಗಾಳಿ ಬೀಸುವಾಗ ಕೊಳವೆಯೊಳಗೆ ಹನಿ ಕಟ್ಟಿ ಗುಳುಗುಳು ಎನ್ನುತ್ತದೆ. ಯಂತ್ರವನ್ನು ಮಂಚಕ್ಕಿಂತ ಕೆಳಗಿಟ್ಟು, ಕೊಳವೆಗೆ ಹಳೆಯ ಸ್ವೆಟರ್ ತೋಳು ತೊಡಿಸಿದರೆ ನೀರು ಮೂಗಿಗೆ ಬರುವುದಿಲ್ಲ. ಮೆತ್ತೆಯನ್ನು ದಿನಾ ಸೌಮ್ಯ ಸೋಪಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಡೆಟಾಲ್ ಬೇಡ, ಬಿಸಿಲೂ ಬೇಡ.

ಕೊನೆಗೆ, ನಿದ್ದೆಯಲ್ಲಿ ದಾರಿ ಮುಚ್ಚುವುದು, ಸಿಒಪಿಡಿ, ಎರಡೂ ರೋಗ ಒಬ್ಬರಲ್ಲೇ ಇರುವುದುಂಟು. ಆಗ ವೈದ್ಯರು ಸಿಪ್ಯಾಪ್ ಅಥವಾ ಬೈಪ್ಯಾಪ್ ಕೊಳವೆಗೇ ಆಕ್ಸಿಜನ್ ಸೇರಿಸಲು ಹೇಳುತ್ತಾರೆ. ಇಲ್ಲಿ ಕ್ರಮ ತಪ್ಪಬಾರದು: ಮೊದಲು ಗಾಳಿಯ ಯಂತ್ರ ಆನ್, ಆಮೇಲೆ ಆಕ್ಸಿಜನ್. ನಿಲ್ಲಿಸುವಾಗ ಮೊದಲು ಆಕ್ಸಿಜನ್ ಆಫ್, ಆಮೇಲೆ ಗಾಳಿ. ಇಲ್ಲದಿದ್ದರೆ ನಿಂತ ಯಂತ್ರದೊಳಗೆ ಆಕ್ಸಿಜನ್ ತುಂಬಿಕೊಂಡು ಬೆಂಕಿಯ ಅಪಾಯ. ದೊಡ್ಡಪ್ಪನಿಗೆ ಈಗ ಬೈಪ್ಯಾಪೂ ಬಂದಿದೆ. ದೊಡ್ಡಮ್ಮ ಇದನ್ನು ಕ್ಯಾಲೆಂಡರಿನ ಹಿಂದೆ ಸ್ಕೆಚ್ ಪೆನ್ನಿನಲ್ಲಿ ಬರೆದು ಸ್ವಿಚ್ ಬೋರ್ಡಿನ ಮೇಲೆ ಅಂಟಿಸಿದ್ದಾರೆ: "ಗಾಳಿ ಮೊದಲು ಬರ್ತದೆ, ಕೊನೆಗೆ ಹೋಗ್ತದೆ."