ಸವೆಯುವುದಿಲ್ಲ, ಬೇರೆಯಾಗುತ್ತದೆ

ವಿಕಿರಣಶೀಲ ವಸ್ತು ದಿನ ಕಳೆದಂತೆ ಸವೆದು ಕೊನೆಗೆ ಇಲ್ಲವಾಗುತ್ತದೆ ಎಂದು ನಂಬಿದವರು ಬಹಳ ಮಂದಿ. ವಿಕಿರಣಶೀಲ ಔಷಧದಿಂದ ರೋಗ ಪತ್ತೆ, ಚಿಕಿತ್ಸೆ ನಡೆಸುವ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗಕ್ಕೆ ಹೊಸದಾಗಿ ಸೇರುವವರಲ್ಲೂ ಈ ಎಣಿಕೆ ಇರುತ್ತದೆ. ಅಂಥವರನ್ನು ನಾನು ಮೊದಲು ಟೆಕ್ನೀಷಿಯಂ ಜನರೇಟರಿನ ಮುಂದೆ ನಿಲ್ಲಿಸುತ್ತೇನೆ.

ಸೀಸದ ಕವಚದೊಳಗೆ ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ತುಂಬಿದ ಪುಟ್ಟ ಕೊಳವೆ. ಅದಕ್ಕೆ ಮಾಲಿಬ್ಡಿನಂ-99 ಅಂಟಿಕೊಂಡಿದೆ. ಈ ಪರಮಾಣುವಿನ ನ್ಯೂಕ್ಲಿಯಸ್ಸಿನಲ್ಲಿ 42 ಪ್ರೋಟಾನ್, 57 ನ್ಯೂಟ್ರಾನ್. ಒಟ್ಟು 99 ಕಣಗಳ ಕೂಟಕ್ಕೆ ನ್ಯೂಟ್ರಾನ್ ಪಾಲು ಹೆಚ್ಚಾಯಿತು. ಹಾಗಾಗಿ ಒಂದು ನ್ಯೂಟ್ರಾನ್ ಪ್ರೋಟಾನ್ ಆಗುತ್ತದೆ. ಒಂದು ಎಲೆಕ್ಟ್ರಾನ್, ಆಂಟಿನ್ಯೂಟ್ರಿನೊ ಎಂಬ ಆವೇಶವಿಲ್ಲದ ಒಂದು ಹಗುರ ಕಣ ಹೊರಬೀಳುತ್ತವೆ. ಆ ಎಲೆಕ್ಟ್ರಾನ್ ಒಳಗೆ ಅಡಗಿ ಕುಳಿತಿದ್ದದ್ದಲ್ಲ, ಆ ಕ್ಷಣಕ್ಕೆ ಹುಟ್ಟಿದ್ದು. ಇದೇ ಬೀಟಾ ಕ್ಷಯ. ಕಣಗಳು ಈಗಲೂ 99. ಆದರೆ ಪ್ರೋಟಾನ್ 43 ಆದ್ದರಿಂದ ಧಾತು ಟೆಕ್ನೀಷಿಯಂ.

ರಸಾಯನಶಾಸ್ತ್ರವೂ ಇದನ್ನು ಒಪ್ಪುತ್ತದೆ. ಕೊಳವೆಯಲ್ಲಿ ಮಾಲಿಬ್ಡಿನಂ ಇರುವ ರೂಪವಾದ ಮಾಲಿಬ್ಡೇಟ್ ಅಯಾನಿಗೆ ಎರಡು ಋಣ ಆವೇಶ, ಅಲ್ಯುಮಿನಾದ ಮೇಲೆ ಬಿಗಿ ಹಿಡಿತ. ಟೆಕ್ನೀಷಿಯಂನ ಅಯಾನಾದ ಪರ್ಟೆಕ್ನೆಟೇಟಿಗೆ ಒಂದೇ, ಹಿಡಿತ ಸಡಿಲ. ಲವಣಜಲ ಹಾಯಿಸಿದರೆ ಟೆಕ್ನೀಷಿಯಂ ತೊಳೆದುಕೊಂಡು ಸೀಸೆಗೆ ಬರುತ್ತದೆ, ಮಾಲಿಬ್ಡಿನಂ ಕೊಳವೆಯಲ್ಲೇ ಉಳಿಯುತ್ತದೆ. ಮಾಲಿಬ್ಡಿನಂನ ಅರ್ಧಾಯು, ಅಂದರೆ ಇರುವುದರಲ್ಲಿ ಅರ್ಧ ಬದಲಾಗಲು ಹಿಡಿಯುವ ಕಾಲ, 66 ಗಂಟೆ. ಇಂದು ಬರಿದು ಮಾಡಿದ ಕೊಳವೆಯಲ್ಲಿ ನಾಳೆ ಬೆಳಿಗ್ಗೆ ಮತ್ತೆ ಟೆಕ್ನೀಷಿಯಂ ಕೂಡಿರುತ್ತದೆ. ಈ ಕೆಲಸಕ್ಕೆ ನಮ್ಮ ವೃತ್ತಿಯಲ್ಲಿ ‘ಹಾಲು ಕರೆಯುವುದು’ ಎಂದೇ ಹೆಸರು.

ಹೀಗೆ ಹುಟ್ಟಿದ ನ್ಯೂಕ್ಲಿಯಸ್ಸುಗಳಲ್ಲಿ ಹೆಚ್ಚಿನವು ಉದ್ರೇಕಿತ ಸ್ಥಿತಿಯಲ್ಲಿರುತ್ತವೆ. 6 ಗಂಟೆಯ ಅರ್ಧಾಯುವಿನಲ್ಲಿ ಅವು ಹೆಚ್ಚುವರಿ ಶಕ್ತಿಯನ್ನು ಬಹುಪಾಲು ಗಾಮಾ ಕಿರಣವಾಗಿ ಬಿಟ್ಟು ತಣ್ಣಗಾಗುತ್ತವೆ. ನಮ್ಮ ಕ್ಯಾಮೆರಾ ಹಿಡಿಯುವುದು ಇದನ್ನೇ. ಪ್ರೋಟಾನ್, ನ್ಯೂಟ್ರಾನ್ ಎರಡರ ಲೆಕ್ಕವೂ ಕದಲುವುದಿಲ್ಲ. ಆಲ್ಫಾ, ಬೀಟಾ, ಗಾಮಾ ಮೂರನ್ನೂ ಪಠ್ಯಪುಸ್ತಕಗಳು ಒಂದೇ ಸಾಲಿನಲ್ಲಿ ಕೂರಿಸುವುದು ನನಗೆ ಹಿಡಿಸದ್ದು ಇದಕ್ಕೇ: ಗಾಮಾ ಧಾತುವನ್ನು ಬದಲಿಸುವುದೇ ಇಲ್ಲ. ತಣ್ಣಗಾದ ಟೆಕ್ನೀಷಿಯಂ-99 ಸುಮಾರು 2.1 ಲಕ್ಷ ವರ್ಷಗಳ ಅರ್ಧಾಯುವಿನಲ್ಲಿ, ಇನ್ನೊಂದು ಬೀಟಾ ಕ್ಷಯದಿಂದ, ಸ್ಥಿರವಾದ ರುಥೇನಿಯಂ ಆಗುತ್ತದೆ.

ಆಲ್ಫಾ ಭಾರಿ ನ್ಯೂಕ್ಲಿಯಸ್ಸುಗಳ ದಾರಿ. ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಒಂದೇ ಗಂಟಾಗಿ ಹೊರಡುತ್ತವೆ. ಯುರೇನಿಯಂ-238 ಹೀಗೆ ಥೋರಿಯಂ-234 ಆಗುತ್ತದೆ. ಎಂಟು ಆಲ್ಫಾ, ಆರು ಬೀಟಾ ದಾಟಿ ಸೀಸ-206ಕ್ಕೆ ಬಂದು ನಿಲ್ಲುತ್ತದೆ.

ಪ್ರೋಟಾನ್ ಹೆಚ್ಚಾದಾಗ ನಡೆಯುವುದು ಬೀಟಾದ ತಿರುಗುಮುರುಗು. ಪೆಟ್ ಸ್ಕ್ಯಾನಿಗೆ ಕೊಡುವ ಗ್ಲೂಕೋಸಿನಂಥ ಔಷಧದಲ್ಲಿ ಫ್ಲೋರಿನ್-18 ಇರುತ್ತದೆ. ಜೀವಕೋಶ ಅದನ್ನು ಒಳಗೆಳೆದುಕೊಂಡರೂ, ಫ್ಲೋರಿನ್ ಅಡ್ಡ ಬರುವುದರಿಂದ ಪೂರ್ತಿ ಬಳಸಲಾರದು. ಅಣು ಅಲ್ಲೇ ಸಿಕ್ಕಿಕೊಳ್ಳುತ್ತದೆ. 110 ನಿಮಿಷದ ಅರ್ಧಾಯುವಿನಲ್ಲಿ ಒಂದು ಪ್ರೋಟಾನ್ ನ್ಯೂಟ್ರಾನ್ ಆಗಿ, ಪಾಸಿಟ್ರಾನ್ (ಧನ ಆವೇಶದ ಎಲೆಕ್ಟ್ರಾನ್) ಹೊರಬಿದ್ದು, ಫ್ಲೋರಿನ್ ಇದ್ದಲ್ಲಿ ಆಮ್ಲಜನಕ-18 ಬರುತ್ತದೆ. ಅದು ಸುತ್ತಲಿನಿಂದ ಒಂದು ಹೈಡ್ರೋಜನ್ ಸೇರಿಸಿಕೊಂಡರೆ ಅಡ್ಡಿ ತೀರಿತು. ಜೀವಕೋಶ ಅದನ್ನು ಮಾಮೂಲಿ ಗ್ಲೂಕೋಸಿನಂತೆಯೇ ಜೀರ್ಣಿಸಿಕೊಳ್ಳುತ್ತದೆ.