ಬೀಳುವ ಖಳ, ಕಾಣದ ಹೆಣ: ಮಕ್ಕಳ ಅನಿಮೇಷನ್ ಚಿತ್ರಗಳಲ್ಲಿ ಸಾವನ್ನು ಬಚ್ಚಿಟ್ಟ ಬಗೆ

ಬಿರುಗಾಳಿ, ಮಳೆ. ಬಂಡೆಯ ತುದಿಗೆ ಬಂದು ಸಿಕ್ಕಿಕೊಂಡ ಮುದುಕಿಗೆ ಮುಂದೆ ಹೋಗಲು ದಾರಿಯಿಲ್ಲ. ಅಟ್ಟಿಸಿಕೊಂಡು ಏರಿ ಬರುತ್ತಿರುವ ಏಳು ಕುಳ್ಳರ ಮೇಲೆ ದೊಡ್ಡ ಗುಂಡೊಂದನ್ನು ಉರುಳಿಸಲು ಅವಳು ಮರದ ಬಡಿಗೆಯಿಂದ ಮೀಟುತ್ತಾಳೆ. ಅಷ್ಟರಲ್ಲಿ ಸಿಡಿಲು ಬಡಿದು ಅವಳು ನಿಂತ ಬಂಡೆಯೇ ಒಡೆಯುತ್ತದೆ. ಅವಳು ಬೀಳುತ್ತಾಳೆ, ಗುಂಡು ಅವಳ ಹಿಂದೆಯೇ ಉರುಳುತ್ತದೆ. ಆಮೇಲೆ ತೆರೆಯ ಮೇಲೆ ಉಳಿಯುವುದು ಎರಡು ರಣಹದ್ದುಗಳು. ಅವು ಕೆಳಗೆ ಇಣುಕಿ, ರೆಕ್ಕೆ ಬಿಚ್ಚಿ, ಸುತ್ತು ಹಾಕುತ್ತ ಮಂಜಿನೊಳಗೆ ಇಳಿಯುತ್ತವೆ.

1937ರ ಡಿಸೆಂಬರ್ 21ರಂದು ಲಾಸ್ ಏಂಜಲೀಸ್‌ನಲ್ಲಿ ಮೊದಲ ಪ್ರದರ್ಶನ ಕಂಡ, ಡಿಸ್ನಿ ಸ್ಟುಡಿಯೊದ ‘ಸ್ನೋ ವೈಟ್’ ಚಿತ್ರದ ಈ ದೃಶ್ಯದಲ್ಲಿ ರಕ್ತದ ಹನಿಯಿಲ್ಲ, ಹೆಣವಿಲ್ಲ, ನೆಲಕ್ಕೆ ಬಡಿದ ಸದ್ದೂ ಇಲ್ಲ. ಹಾಗಿದ್ದರೂ ಮುದುಕಿಯ ವೇಷದಲ್ಲಿದ್ದ ದುಷ್ಟ ರಾಣಿ ಸತ್ತಳೆಂಬುದರಲ್ಲಿ ಯಾರಿಗೂ ಅನುಮಾನ ಉಳಿಯುವುದಿಲ್ಲ, ಏಕೆಂದರೆ ಹದ್ದುಗಳು ಯಾಕೆ ಇಳಿಯುತ್ತಿವೆ ಎಂದು ನೋಡುವವರೇ ಊಹಿಸಿಕೊಳ್ಳುತ್ತಾರೆ. ಮುಂದಿನ ಎಂಟು ದಶಕಗಳ ಮಕ್ಕಳ ಅನಿಮೇಷನ್ ಚಿತ್ರಗಳು ಖಳರನ್ನು ಕೊಂದ ಬಗೆ ಬಹುಮಟ್ಟಿಗೆ ಇದೇ. ಸಾವನ್ನು ತೋರಿಸದೆ ಬಚ್ಚಿಡುವುದು ಮಕ್ಕಳ ಮೇಲಿನ ಕಾಳಜಿಯಿಂದ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಈ ದೃಶ್ಯಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಬೇರೆಯದೇ ಕಾಣುತ್ತದೆ: ಮಕ್ಕಳ ನಿದ್ದೆ ಕೆಡಿಸಿದ್ದು ಬಹಳ ಸಲ ಆ ಬಚ್ಚಿಟ್ಟ ರೀತಿಯೇ.

ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಅಚ್ಚು ಹಾಕಿಸಿದ ಮೂಲ ಕಥೆಯಲ್ಲಿ ಬಚ್ಚಿಡುವ ಮಾತೇ ಇರಲಿಲ್ಲ. ಅಲ್ಲಿ ರಾಣಿ ಮದುವೆಗೆ ಬರುತ್ತಾಳೆ, ಕೆಂಡದಂತೆ ಕಾದ ಕಬ್ಬಿಣದ ಪಾದರಕ್ಷೆ ತೊಡಬೇಕಾಗುತ್ತದೆ, ಸಾಯುವವರೆಗೂ ಕುಣಿಯುತ್ತಾಳೆ. ಅದು ನೆರೆದವರೆದುರೇ ಕೊಡುವ ಶಿಕ್ಷೆ. ಸಿನಿಮಾಗೆ ಅದು ಒಗ್ಗುತ್ತಿರಲಿಲ್ಲ. ಹಾಲಿವುಡ್ 1930ರಲ್ಲಿ ತನಗೆ ತಾನೇ ಹಾಕಿಕೊಂಡು 1934ರಿಂದ ಬಿಗಿಯಾಗಿ ಜಾರಿಗೆ ತಂದ ನಿರ್ಮಾಣ ಸಂಹಿತೆ ಕ್ರೂರ ಕೊಲೆಯನ್ನು ವಿವರವಾಗಿ ತೋರಿಸಬಾರದು ಎನ್ನುತ್ತಿತ್ತು. ಕೊಲ್ಲುವ ವಿಧಾನ ನೋಡಿದವರು ಅನುಕರಿಸುವಂತಿರಬಾರದು. ಜೊತೆಗೆ ಪ್ರೇಕ್ಷಕರ ಸಹಾನುಭೂತಿ ದುಷ್ಟರ ಕಡೆಗೆ ವಾಲಲೂಬಾರದು. ಒಟ್ಟಿನಲ್ಲಿ ಹಾವು ಸಾಯಬೇಕು, ಕೋಲು ಮುರಿಯಬಾರದು. ಈ ಇಕ್ಕಟ್ಟಿಗೆ ಪ್ರಪಾತಕ್ಕಿಂತ ಅನುಕೂಲವಾದ ಉತ್ತರ ಬೇರೊಂದಿರಲಿಲ್ಲ. ಖಳ ತನ್ನ ಕೇಡಿನಿಂದಲೇ ಕಾಲು ಜಾರುತ್ತಾನೆ, ಕೊಲ್ಲುವ ಕೆಲಸ ಸಿಡಿಲಿಗೋ ನೆಲದ ಸೆಳೆತಕ್ಕೋ ಸೇರುತ್ತದೆ, ನಾಯಕನ ಕೈಗೆ ರಕ್ತ ಅಂಟುವುದಿಲ್ಲ, ಹೆಣ ಕ್ಯಾಮೆರಾದ ಆಚೆ ಉಳಿಯುತ್ತದೆ.

ಇಷ್ಟಾದರೂ ಬ್ರಿಟನ್ನಿನ ಸೆನ್ಸಾರ್ ಮಂಡಳಿಗೆ ಸಮಾಧಾನವಾಗಲಿಲ್ಲ. 1938ರಲ್ಲಿ ಅದು ‘ಸ್ನೋ ವೈಟ್’ಗೆ ಕೊಟ್ಟದ್ದು ‘ಎ’ ಪ್ರಮಾಣಪತ್ರ. ಅಂದರೆ 16 ವರ್ಷದೊಳಗಿನವರು ದೊಡ್ಡವರ ಜೊತೆಯಲ್ಲೇ ಬರಬೇಕು. ಮಕ್ಕಳಿಗೆಂದು ತೆಗೆದ ಚಿತ್ರಕ್ಕೆ ಇಂಥ ಷರತ್ತು ಬಿದ್ದದ್ದು ಅಂದಿಗೆ ದೊಡ್ಡ ಸುದ್ದಿ.

1959ರ ‘ಸ್ಲೀಪಿಂಗ್ ಬ್ಯೂಟಿ’ ಮಾತ್ರ ಸೂತ್ರವನ್ನು ಅರ್ಧ ಮುರಿಯಿತು. ಡ್ರ್ಯಾಗನ್ ಆಗಿ ಬೆಳೆದು ನಿಂತ ಮಾಟಗಾತಿ ಮಲೆಫಿಸೆಂಟ್‌ಳ ಎದೆಗೆ ರಾಜಕುಮಾರನೇ ಖಡ್ಗ ಎಸೆಯುತ್ತಾನೆ. ಕತ್ತಿ ನೆಡುವುದು ತೆರೆಯ ಮೇಲೇ ಕಾಣುತ್ತದೆ. ಆದರೆ ಸತ್ತದ್ದು ಮೃಗ, ಹೆಂಗಸಲ್ಲ. ಬಂಡೆಯ ಕೆಳಗೆ ಉಳಿಯುವುದು ನೆಲಕ್ಕೆ ಹರಡಿದ ಕಪ್ಪು ಮೇಲಂಗಿ, ಅದರಲ್ಲಿ ನಾಟಿಕೊಂಡು ಕಪ್ಪಾಗುತ್ತಿರುವ ಖಡ್ಗ. ಮೊದಲು ರೂಪ ಬದಲಿಸಿ ಮನುಷ್ಯತ್ವ ಕಳಚಬೇಕು, ಕೊಲೆ ಆಮೇಲೆ. ಈ ಉಪಾಯ ಮೂವತ್ತು ವರ್ಷ ಕಳೆದ ಮೇಲೆ ಮತ್ತೆ ಮತ್ತೆ ಬಳಕೆಗೆ ಬಂತು.

ನಡುವಿನ ಕಾಲದಲ್ಲಿ ಡಿಸ್ನಿಯ ಮುಖ್ಯ ಖಳರು ಬದುಕಿಕೊಂಡರು. 1961ರ ‘101 ಡಾಲ್ಮೇಷಿಯನ್ಸ್’ನಲ್ಲಿ ಕ್ರುಯೆಲ್ಲಾಳ ಕಾರು ಪುಡಿಯಾಗುತ್ತದೆ, ಅವಳಲ್ಲ. 1963ರ ‘ದಿ ಸ್ವೋರ್ಡ್ ಇನ್ ದಿ ಸ್ಟೋನ್’ನ ಮಾಟಗಾತಿ ಮಿಮ್‌ಗೆ ಮೈತುಂಬ ಬೊಕ್ಕೆ ಏಳುತ್ತದೆ, ಅಷ್ಟೇ. 1967ರ ‘ದಿ ಜಂಗಲ್ ಬುಕ್’ನ ಹುಲಿ ಶೇರ್ ಖಾನ್ ಬಾಲಕ್ಕೆ ಕಟ್ಟಿದ ಬೆಂಕಿಗೆ ಹೆದರಿ ಓಡುತ್ತಾನೆ. 1973ರ ‘ರಾಬಿನ್ ಹುಡ್’ನ ರಾಜಕುಮಾರ ಜಾನ್ ಕಲ್ಲು ಒಡೆಯುವ ಶಿಕ್ಷೆಗೆ ಹೋಗುತ್ತಾನೆ. ಈ ಚಿತ್ರಗಳ ಖಳರು ಅರೆ ಹಾಸ್ಯಗಾರರು. ನಗಿಸಿದವನನ್ನು ಕೊಲ್ಲಲು ಕಥೆಗಾರರಿಗೆ ಮನಸ್ಸು ಬರುವುದು ಕಷ್ಟ.

ಆ ಶಾಂತಿ ಮುರಿದದ್ದು 1985ರ ‘ದಿ ಬ್ಲ್ಯಾಕ್ ಕಾಲ್ಡ್ರನ್’. ಮಂತ್ರದ ಕೊಪ್ಪರಿಗೆಯಿಂದ ಸತ್ತ ಸೈನಿಕರು ಎದ್ದು ಬರುವ ದೃಶ್ಯ ನೋಡಿ ಬೆಚ್ಚಿದ ಸ್ಟುಡಿಯೊದ ಹೊಸ ಮುಖ್ಯಸ್ಥ ಜೆಫ್ರಿ ಕಾಟ್ಜೆನ್‌ಬರ್ಗ್ ಸುಮಾರು 12 ನಿಮಿಷ ಕತ್ತರಿಸಲು ಹೇಳಿದರು. ಅನಿಮೇಷನ್‌ನಲ್ಲಿ ಕತ್ತರಿಸುವುದು ಎಂದರೆ ಏನೆಂದು ತಿಳಿದವರಿಗಷ್ಟೇ ಈ ಮಾತಿನ ತೂಕ ಗೊತ್ತಾಗುತ್ತದೆ. ನಟರ ಚಿತ್ರದಲ್ಲಿ ಹೆಚ್ಚುವರಿ ಶಾಟ್‌ಗಳ ರಾಶಿಯೇ ಬಿದ್ದಿರುತ್ತದೆ. ಒಂದನ್ನು ತೆಗೆದರೆ ಇನ್ನೊಂದನ್ನು ಕೂರಿಸಬಹುದು. ಕೈಯಲ್ಲಿ ಬರೆದ ಚಿತ್ರದಲ್ಲಿ ಹೆಚ್ಚುವರಿ ಎಂಬುದೇ ಇರುವುದಿಲ್ಲ. ಸೆಕೆಂಡಿಗೆ 24 ಫ್ರೇಮ್, ಒಂದು ಚಿತ್ರವನ್ನು ಎರಡು ಫ್ರೇಮ್ ಹಿಡಿದರೂ 12 ಚಿತ್ರ, ಬೇಕಾದಷ್ಟನ್ನೇ ಬರೆದಿರುತ್ತಾರೆ. ಹಾಗಾಗಿ ಕತ್ತರಿ ಬಿದ್ದ ಕಡೆ ಹಿನ್ನೆಲೆ ಸಂಗೀತ ಹಾರುತ್ತದೆ, ಪಾತ್ರ ಇದ್ದಕ್ಕಿದ್ದಂತೆ ಇನ್ನೊಂದು ಜಾಗದಲ್ಲಿರುತ್ತದೆ. ಅಷ್ಟೆಲ್ಲ ಕತ್ತರಿಸಿದ ಮೇಲೂ ಖಳನಾದ ಕೊಂಬಿನ ರಾಜನ ಕೊನೆ ಉಳಿದೇ ಉಳಿಯಿತು: ಕೊಪ್ಪರಿಗೆಯ ಸೆಳೆತಕ್ಕೆ ಅವನ ಮೈಯ ಮಾಂಸವೇ ಕಿತ್ತುಹೋಗುತ್ತದೆ. ‘ಪಿಜಿ’, ಅಂದರೆ ಪೋಷಕರ ಮಾರ್ಗದರ್ಶನ ಬೇಕೆಂಬ ರೇಟಿಂಗ್ ಪಡೆದ ಮೊದಲ ಡಿಸ್ನಿ ಅನಿಮೇಷನ್ ಚಿತ್ರ ಇದು. ಸುಮಾರು 4.4 ಕೋಟಿ ಡಾಲರ್ ಖರ್ಚಾದ ಚಿತ್ರ ಅಮೆರಿಕದಲ್ಲಿ ಅದರ ಅರ್ಧದಷ್ಟನ್ನೂ ಗಳಿಸಲಿಲ್ಲ.

ಮೂರು ವರ್ಷದ ಬಳಿಕ ಡಾನ್ ಬ್ಲೂತ್ ನಿರ್ದೇಶನದ ‘ದಿ ಲ್ಯಾಂಡ್ ಬಿಫೋರ್ ಟೈಮ್’ನಿಂದಲೂ ಸುಮಾರು 10 ನಿಮಿಷ ಹೋಯಿತು. ನಿರ್ಮಾಣದ ಹೊಣೆ ಹೊತ್ತಿದ್ದ ಸ್ಟೀವನ್ ಸ್ಪೀಲ್‌ಬರ್ಗ್ ಮತ್ತು ಜಾರ್ಜ್ ಲ್ಯೂಕಸ್‌ಗೆ ಶಾರ್ಪ್‌ಟೂತ್ ಎಂಬ ಡೈನೊಸಾರ್ ಅಟ್ಟಿಸಿಕೊಂಡು ಬರುವ ದೃಶ್ಯಗಳು ಪುಟ್ಟ ಮಕ್ಕಳಿಗೆ ತಡೆಯಲಾಗದಷ್ಟು ಕಂಡವು. ಉಳಿದದ್ದು 69 ನಿಮಿಷ.

1989ರಿಂದ 1999ರವರೆಗಿನ ಹತ್ತು ವರ್ಷ ಈ ಇತಿಹಾಸದ ಅತಿ ಉಗ್ರ ಕಾಲ. ‘ದಿ ಲಿಟಲ್ ಮರ್ಮೇಡ್’ನ ಮಾಟಗಾತಿ ಅರ್ಸುಲಾಳ ಹೊಟ್ಟೆಗೆ ಮುರಿದ ಹಡಗಿನ ಮೂತಿ ಚುಚ್ಚಿಕೊಳ್ಳುತ್ತದೆ, ಮಿಂಚಿನ ಬೆಳಕಲ್ಲಿ ಒಳಗಿನ ಎಲುಬು ಕ್ಷಣಕಾಲ ಹೊಳೆಯುತ್ತದೆ. ‘ಬ್ಯೂಟಿ ಆ್ಯಂಡ್ ದಿ ಬೀಸ್ಟ್’ನ ಗ್ಯಾಸ್ಟನ್ ಕೋಟೆಯಿಂದ ಬೀಳುವಾಗ ಅವನ ಕಣ್ಣುಗಳಲ್ಲಿ ತಲೆಬುರುಡೆ ಮೂಡಿ ಮಾಯವಾಗುತ್ತದೆ. ಅದು ಒಂದೆರಡು ಫ್ರೇಮ್, ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ‘ದಿ ಲಯನ್ ಕಿಂಗ್’ನ ಕೇಡಿ ಸಿಂಹ ಸ್ಕಾರ್‌ನನ್ನು ಕತ್ತೆಕಿರುಬಗಳು ಮುತ್ತುವುದು ಬಂಡೆಯ ಮೇಲಿನ ನೆರಳಾಟವಾಗಿ ಕಾಣುತ್ತದೆ. 1996ರ ‘ದಿ ಹಂಚ್‌ಬ್ಯಾಕ್ ಆಫ್ ನೋತ್ರ್ ದಾಮ್’ನ ಮೂಲ ಕಾದಂಬರಿಯಲ್ಲಿ ನಾಯಕ ಕ್ವಾಸಿಮೊಡೊನೇ ಖಳ ಫ್ರೊಲ್ಲೊನನ್ನು ಗೋಪುರದಿಂದ ತಳ್ಳುತ್ತಾನೆ. ಚಿತ್ರದಲ್ಲಿ ಆ ಕೆಲಸ ಕಲ್ಲಿಗೆ ಹೋಯಿತು: ಫ್ರೊಲ್ಲೊ ಹತ್ತಿ ನಿಂತ ಕಲ್ಲಿನ ಮೃಗಮುಖ ಬಿರುಕು ಬಿಡುತ್ತದೆ, ಜೀವ ಬಂದಂತೆ ಅವನತ್ತ ಗರ್ಜಿಸುತ್ತದೆ, ಕೆಳಗೆ ಕುದಿಯುವ ಸೀಸ. ನಾಯಕನ ಕೈ ಶುದ್ಧವಾಗಿಡಲು ಹೋಗಿ ಮೂಲ ಕಥೆಗಿಂತ ಭೀಕರವಾದುದನ್ನು ಕಟ್ಟಿದರು ಎಂದೇ ನಮ್ಮ ಅನಿಸಿಕೆ.

1999ರ ‘ಟಾರ್ಜನ್’ನ ಖಳ ಕ್ಲೇಟನ್‌ನ ಸಾವಂತೂ ಬಚ್ಚಿಡುವ ಕಲೆಯ ತುತ್ತತುದಿ. ಬಳ್ಳಿಗಳಲ್ಲಿ ಸಿಕ್ಕಿದ ಅವನು ಕೋಪದಲ್ಲಿ ಮಚ್ಚು ಬೀಸುತ್ತ ಒಂದೊಂದನ್ನೇ ಕಡಿಯುತ್ತಾನೆ. ಒಂದು ಬಳ್ಳಿ ಕೊರಳಿಗೆ ಸುತ್ತಿದ್ದು ಅವನಿಗೆ ಅರಿವಾಗುವುದಿಲ್ಲ. ಟಾರ್ಜನ್ ಬೇಡವೆಂದು ಕೂಗುತ್ತಾನೆ. ಕೊನೆಯ ಆಸರೆ ಕಡಿದುಹೋಗುತ್ತದೆ, ಮಚ್ಚು ಬಂದು ನೆಲಕ್ಕೆ ನಾಟುತ್ತದೆ. ಆಗ ಮಿಂಚು. ಮರದ ಮೇಲೆ ತೂಗುವ ದೇಹದ ನೆರಳು.

ಅರ್ಸುಲಾಳಿಂದ ಕ್ಲೇಟನ್‌ವರೆಗೆ ಈ ಎಲ್ಲ ಚಿತ್ರಗಳಿಗೂ ಅಮೆರಿಕದಲ್ಲಿ ಸಿಕ್ಕಿದ್ದು ‘ಜಿ’, ಎಲ್ಲ ವಯಸ್ಸಿನವರೂ ನೋಡಬಹುದೆಂಬ ರೇಟಿಂಗ್! ರಕ್ತ ಕಾಣಲಿಲ್ಲ, ಹೆಣ ಕಾಣಲಿಲ್ಲ, ಲೆಕ್ಕ ಸರಿಹೋಯಿತು. ನಿಯಮಗಳು ಕಂಡದ್ದನ್ನು ಎಣಿಸುತ್ತವೆ, ಮಗು ಊಹಿಸಿದ್ದನ್ನು ಎಣಿಸುವುದಿಲ್ಲ.

ಬೀಳುವುದನ್ನು ಬರೆಯುವ ಬಗೆ

ಬೀಳುವ ಶಾಟ್ ಸಾಮಾನ್ಯವಾಗಿ ಮೇಲಿನಿಂದ. ಕ್ಯಾಮೆರಾ ನಾಯಕನ ಜಾಗದಲ್ಲಿ ನಿಂತು ಕೆಳಗೆ ನೋಡುತ್ತದೆ, ದೇಹ ಕಿರಿದಾಗುತ್ತ ಮಂಜು, ಹೊಗೆ ಅಥವಾ ಕತ್ತಲೆಯಲ್ಲಿ ಕರಗುತ್ತದೆ. ಇವನ್ನು ಬರೆಯುವ ಎಫೆಕ್ಟ್ಸ್ ಅನಿಮೇಟರ್‌ಗಳೇ ಬೇರೆ; ಕಣಿವೆಯ ತಳವನ್ನು ಮುಚ್ಚುವುದು ಅವರ ಕೆಲಸ. ನಿಜದಲ್ಲಿ ಎರಡು ಸೆಕೆಂಡಿಗೆ ಸುಮಾರು 20 ಮೀಟರ್, ಮೂರಕ್ಕೆ 44, ಐದಕ್ಕೆ 120 ಮೀಟರ್ ಮೀರಿ ಬೀಳುತ್ತೇವೆ. ತೆರೆಯ ಮೇಲೆ ಅದನ್ನು ಬೇಕೆಂದೇ ಎಳೆಯುತ್ತಾರೆ, ಕೂಗು ತೇಲುತ್ತ ದೂರವಾಗಲಿ ಎಂದು. ಕೂಗಿಗೆ ಪ್ರತಿಧ್ವನಿ ಸೇರಿಸಿ ದನಿ ಇಳಿಸುತ್ತಾರೆ, ಬಡಿದ ಸದ್ದನ್ನು ಬಿಡುತ್ತಾರೆ. ಆ ಸದ್ದು ಇದ್ದರೆ ಸಾವು ಮುಗಿಯಿತು. ಇಲ್ಲದಿದ್ದರೆ ಮಗುವಿನ ತಲೆಯಲ್ಲಿ ಖಳ ಇನ್ನೂ ಬೀಳುತ್ತಲೇ ಇರುತ್ತಾನೆ.

ಎಡವಟ್ಟಾಗುವುದು ಸಾಮಾನ್ಯವಾಗಿ ಮೂರು ಕಡೆ. ಬೀಳುವವನ ಮುಖವನ್ನು ಹತ್ತಿರದಿಂದ, ಕಣ್ಣು ನೇರ ಕ್ಯಾಮೆರಾ ನೋಡುವಂತೆ ಹಿಡಿದರೆ ಆ ಭಯ ನೋಡುವವರಿಗೆ ದಾಟುತ್ತದೆ. ನೆರಳು ದೇಹಕ್ಕಿಂತ ಸೌಮ್ಯ ಎಂದುಕೊಂಡು ಬಳಸಿದರೆ ಅಂಚು ಇನ್ನಷ್ಟು ಚೂಪಾಗಿ ನೆನಪಿನಲ್ಲಿ ಅಚ್ಚೊತ್ತುತ್ತದೆ. ಮೂರನೆಯದು ಎಲ್ಲಕ್ಕಿಂತ ಸಾಮಾನ್ಯವಾದದ್ದು, ತಿದ್ದಲು ಸುಲಭವಾದದ್ದೂ ಹೌದು: ಸಾವಿನ ಬೆನ್ನಿಗೇ ಹಾಡು, ಹಾಸ್ಯ ತುರುಕುವುದು. ಉಸಿರು ಬಿಡಲು ಹತ್ತು ಸೆಕೆಂಡಿನ ಮೌನ, ನಾಯಕನ ಮುಖದ ಮೇಲೊಂದು ನಿಲುಗಡೆ ಸಾಕಾಗಿರುತ್ತದೆ.

1986ರಲ್ಲಿ ಜಪಾನಿನ ಹಯಾವೊ ಮಿಯಾಜಾಕಿ ‘ಕ್ಯಾಸಲ್ ಇನ್ ದಿ ಸ್ಕೈ’ಯಲ್ಲಿ ಇದರ ತದ್ವಿರುದ್ಧ ಮಾಡಿದರು. ಕಣ್ಣು ಕುರುಡಾದ ಖಳ ಮುಸ್ಕಾ, ಕುಸಿಯುವ ಕೋಟೆಯ ಕಲ್ಲುಗಳ ನಡುವೆ ಪುಟ್ಟ ಚುಕ್ಕಿಯಂತೆ ಉದುರುತ್ತಾನೆ. ಹುಡುಕಿ ನೋಡಿದವರಿಗಷ್ಟೇ ಸಿಗುತ್ತಾನೆ. ಸಾವನ್ನು ಮರೆಮಾಚಿಲ್ಲ, ಮೆರೆಸಿಯೂ ಇಲ್ಲ.

ಮಗು ಹೆದರುವುದು ಯಾವುದಕ್ಕೆ

ಸಾವು ಎಂದರೆ ಮರಳಿ ಬಾರದಿರುವುದು, ಮೈಯ ಎಲ್ಲ ಕೆಲಸ ನಿಲ್ಲುವುದು, ಎಲ್ಲರಿಗೂ ಬರುವುದು: ಈ ಮೂರೂ ಹೆಚ್ಚಿನ ಮಕ್ಕಳಿಗೆ ತಿಳಿಯುವುದು ಐದರಿಂದ ಏಳು ವರ್ಷದ ನಡುವೆ. ಅದಕ್ಕೂ ಚಿಕ್ಕವರು ಹೆದರುವುದು ಸಾವಿಗಲ್ಲ, ರೂಪಕ್ಕೆ. ಅಮೆರಿಕದ ಸಂಶೋಧಕಿ ಜೋಆನ್ ಕ್ಯಾಂಟರ್ ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು. 1985ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಒಬ್ಬಳೇ ಮುದುಕಿಯನ್ನು ಸುಂದರಿಯಾಗಿ, ಕುರೂಪಿಯಾಗಿ, ದಯಾಳುವಾಗಿ, ಕ್ರೂರಿಯಾಗಿ ತೋರಿಸಲಾಯಿತು. ಮೂರರಿಂದ ಐದು ವರ್ಷದವರು ಅವಳನ್ನು ಅಳೆದದ್ದು ಮುಖ್ಯವಾಗಿ ಮುಖ ನೋಡಿ; ಒಂಬತ್ತು ಹತ್ತರವರು ನಡತೆ ನೋಡಿ. ಮನುಷ್ಯ ರಾಕ್ಷಸನಾಗಿ ಬದಲಾಗುವ ಗಳಿಗೆಯೇ ಶಾಲೆಗೆ ಸೇರದ ಮಕ್ಕಳನ್ನು ಹೆಚ್ಚು ಕಾಡುತ್ತದೆ ಎಂಬುದೂ ಅವರ ಕೆಲಸದಿಂದ ತಿಳಿದದ್ದು.

ಹಾಗಾದರೆ ಕೊಲ್ಲುವ ಮೊದಲು ಖಳನ ರೂಪ ಬದಲಿಸುವ ಆ ಹಳೆಯ ಉಪಾಯ ಯಾರಿಗೆ ನೆರವಾಯಿತು? ಸೆನ್ಸಾರ್‌ಗೆ. ನಾಲ್ಕು ವರ್ಷದ ಮಗುವಿಗೆ 1997ರ ‘ಅನಸ್ತೇಸಿಯಾ’ದ ರಾಸ್ಪುಟಿನ್ ಹಸಿರು ಹೊಗೆಯಲ್ಲಿ ಕರಗಿ ಎಲುಬಾಗಿ ಧೂಳಾಗುವುದು ಕತ್ತಿಯ ಏಟಿಗಿಂತ ಹೆಚ್ಚು ಭಯ ತರಬಹುದು.

ಮನೆಯಲ್ಲಿ ತೋರಿಸುವವರಿಗೆ ಉಪಯೋಗಕ್ಕೆ ಬರುವ ಸಂಗತಿ: ಖಳನ ಸಾವು ಬಹುತೇಕ ಕೊನೆಯ 15 ನಿಮಿಷದಲ್ಲೇ ಇರುತ್ತದೆ, ಅಷ್ಟನ್ನು ಮೊದಲೇ ನೋಡಿಟ್ಟುಕೊಳ್ಳಬಹುದು. ಮಗು ಬೆದರಿದರೆ ಮೊದಲು ದನಿ ತಗ್ಗಿಸಿ, ಕೋಣೆಯ ದೀಪ ಹಾಕಿ. ಕಣ್ಣು ಮುಚ್ಚಿದರೂ ಕಿವಿ ತೆರೆದೇ ಇರುತ್ತದೆ. ಐದರೊಳಗಿನವರಿಗೆ ‘ಇದು ನಿಜವಲ್ಲ’ ಎಂಬ ಮಾತು ಅಷ್ಟು ಕೆಲಸ ಮಾಡುವುದಿಲ್ಲ, ಮಡಿಲು ಮಾಡುತ್ತದೆ. ಎಂಟು ದಾಟಿದವರಿಗೆ ವಿವರಣೆ ಬೇಕು: ಹೇಗೆ ಬರೆದರು, ಯಾರು ದನಿ ಕೊಟ್ಟರು. ಅರ್ಧದಲ್ಲಿ ಆರಿಸುವುದು ಕೊನೆಯ ದಾರಿಯಾಗಲಿ, ಯಾಕೆಂದರೆ ಎಲ್ಲರೂ ಕ್ಷೇಮವೆಂದು ತೋರಿಸುವ ದೃಶ್ಯ ಅದರ ಮುಂದೆಯೇ ಇರುತ್ತದೆ.

2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನವೊಂದು 45 ಮಕ್ಕಳ ಅನಿಮೇಷನ್ ಚಿತ್ರಗಳನ್ನು ದೊಡ್ಡವರ 90 ಚಿತ್ರಗಳ ಜೊತೆ ಹೋಲಿಸಿತು. ಮುಖ್ಯ ಪಾತ್ರ ಸಾಯುವ ಸಂಭವ ಮಕ್ಕಳ ಚಿತ್ರಗಳಲ್ಲೇ ಸುಮಾರು ಎರಡೂವರೆ ಪಟ್ಟು ಹೆಚ್ಚಿತ್ತು. ಆ ಹೊತ್ತಿಗಾಗಲೇ ಗಾಳಿ ಬದಲಾಗಿತ್ತು. 2010ರ ‘ಟ್ಯಾಂಗಲ್ಡ್’ನಲ್ಲಿ ಕೇಡಿ ಗೋಥೆಲ್ ಗೋಪುರದಿಂದ ಬೀಳುತ್ತಲೇ ಮುಪ್ಪಾಗಿ, ನೆಲ ಮುಟ್ಟುವಾಗ ಬರೀ ಮೇಲಂಗಿ ಮತ್ತು ಧೂಳು. ‘ಸ್ನೋ ವೈಟ್’ನ ಪ್ರಪಾತ, ‘ಸ್ಲೀಪಿಂಗ್ ಬ್ಯೂಟಿ’ಯ ಮೇಲಂಗಿ ಎರಡೂ ಇಲ್ಲಿ ಒಂದಾದವು. ಅದರ ನಂತರ ಡಿಸ್ನಿಯ ಹೆಚ್ಚಿನ ಖಳರು ಜೈಲಿಗೆ ಹೋದರು, ಗಡೀಪಾರಾದರು, 2016ರ ‘ಮೊವಾನಾ’ದಲ್ಲಿ ದೇವತೆಯೇ ಆಗಿ ಬದಲಾದರು. ಕೆಲವು ಚಿತ್ರಗಳಲ್ಲಿ ಖಳರೇ ಇಲ್ಲ.

ಭಯವೇನೂ ಹೋಗಲಿಲ್ಲ, ಜಾಗ ಬದಲಿಸಿತು. 2010ರ ‘ಟಾಯ್ ಸ್ಟೋರಿ 3’ರಲ್ಲಿ ಕೇಡಿ ಕರಡಿ ಬದುಕುತ್ತದೆ, ಕಸ ಸುಡುವ ಕುಲುಮೆಯೆದುರು ಕೈ ಕೈ ಹಿಡಿದು ಸಾವಿಗೆ ಕಾಯುವುದು ಒಳ್ಳೆಯ ಗೊಂಬೆಗಳು. 2022ರ ‘ಪುಸ್ ಇನ್ ಬೂಟ್ಸ್: ದಿ ಲಾಸ್ಟ್ ವಿಶ್’ನಲ್ಲಿ ಸಿಳ್ಳೆ ಹಾಕುತ್ತ ಬೆನ್ನಟ್ಟುವ ತೋಳ ಸ್ವತಃ ಸಾವು. ಅದನ್ನು ಯಾವ ಪ್ರಪಾತಕ್ಕೂ ತಳ್ಳಲಾಗದು. ಬೆಕ್ಕು ಸೋಲೊಪ್ಪದೆ, ಹೆದರದೆ ಎದುರು ನಿಂತಾಗ ತೋಳ ಕುಡುಗೋಲುಗಳನ್ನು ತಗ್ಗಿಸಿ, ಮತ್ತೆ ಭೇಟಿಯಾಗೋಣ ಎಂಬಂತೆ ನುಡಿದು, ಸಿಳ್ಳೆ ಹಾಕುತ್ತಲೇ ನಡೆದುಹೋಗುತ್ತದೆ.