ಹೆಚ್ಚು ಜನ ಓದಿದರೆ ಪತ್ರಿಕೆಯ ಖಾರ ಹೋಗುತ್ತದೆಯೇ?

ಪ್ರಶ್ನೆ: ನಾವು ಶಿರಸಿಯ ನಾಲ್ವರು ಗೆಳೆಯರು. ರ‍್ಯಾಪ್ ಕಟ್ಟುವವರು, ಗೋಡೆಯ ಮೇಲೆ ಚಿತ್ರ ಬಿಡಿಸುವವರು, ಡಮಾಮಿ ಡೋಲು ಬಾರಿಸುವ ಸಿದ್ಧಿ ಸಮುದಾಯದ ಹುಡುಗರು, ಇವರೆಲ್ಲರ ಲೋಕವನ್ನು ತೋರಿಸುವ ತ್ರೈಮಾಸಿಕ ತರಬೇಕೆಂದಿದ್ದೇವೆ. ಎಲ್ಲರನ್ನೂ ತಲುಪಲು ಹೋದರೆ ಅದರ ಖಾರ ಹೋಗುವುದಿಲ್ಲವೇ?

ಉತ್ತರ: ಹೋಗಲೇಬೇಕೆಂದೇನಿಲ್ಲ. 1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’ಯನ್ನೇ ನೋಡಿ. ಜಾಹೀರಾತು ತೆಗೆದುಕೊಳ್ಳದೆ, ಓದುಗರು ಕೊಟ್ಟ ಕಾಸಿನಲ್ಲೇ ನಡೆಯಿತು. ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ಅದರಲ್ಲಿ ಬರೆದರು. ಮುಸ್ಲಿಂ ಮನೆಯೊಳಗಿನ ಹೆಣ್ಣಿನ ಸಂಕಟ, ಅದೂ ಅವರದೇ ಮಾತಿನಲ್ಲಿ, ಹಾಗೆ ಕನ್ನಡದ ಮನೆಮನೆಗೆ ಬಂತು.

ನಮ್ಮ ಜಿಲ್ಲೆಯವರೇ ಬೇಕೆಂದರೆ ದಿನಕರ ದೇಸಾಯಿ ಇದ್ದಾರೆ. ರೈತರನ್ನು ಸಂಘಟಿಸಿದ್ದಕ್ಕೆ ಬ್ರಿಟಿಷರ ಕಾಲದಲ್ಲಿ ಜಿಲ್ಲೆಯಿಂದ ಗಡೀಪಾರಾಗಿದ್ದವರು. ಮುಂದೆ ‘ಜನಸೇವಕ’ ವಾರಪತ್ರಿಕೆಯಲ್ಲಿ ಅವರು ಬರೆದ ಚುಟುಕಗಳು ನಾಲ್ಕೇ ಸಾಲು. ಎರಡು ಸಲ ಕೇಳಿದರೆ ಬಾಯಿಗೆ ಬರುತ್ತವೆ. ಪ್ರಾಸದ ಈ ಗುಟ್ಟು ನಿಮ್ಮ ರ‍್ಯಾಪ್ ಗೆಳೆಯರಿಗೆ ಹೇಳಿಕೊಡಬೇಕಾಗಿಲ್ಲ.

ನನಗೆ ಭಯವಿರುವುದು ಬೇರೆ ಕಡೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ಧಿಯರ ಬಗ್ಗೆ ಬರುವ ಬರಹಗಳನ್ನು ಗಮನಿಸಿ. ಹೆಚ್ಚಿನವು ಅವರ ಪೂರ್ವಿಕರ ಆಫ್ರಿಕಾದಿಂದ ಶುರುವಾಗಿ, ವೇದಿಕೆಯ ಮೇಲಿನ ಡಮಾಮಿ ಕುಣಿತದ ಫೋಟೊದಲ್ಲಿ ಮುಗಿಯುತ್ತವೆ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರುವವರೆಗೆ ಅವರು ಕಾದದ್ದು, ಹಳೇ ಸೀರೆಯ ಚೂರು ಜೋಡಿಸಿ ಕವದಿ ಹೊಲಿಯುವ ಹೆಂಗಸರ ಮಾತು, ಇವು ಅಲ್ಲಿ ಸಿಗುವುದು ಅಪರೂಪ. ಓದುಗರಿಗೆ ಹಿಡಿಸಲೆಂದು ನೀವೂ ಹಾಗೆ ಬರೆದರೆ ಖಾರ ಅಲ್ಲೇ ಹೋಯಿತು. ಡಮಾಮಿ ಬಾರಿಸುವ ಹುಡುಗನ ಮಾತನ್ನು ಅವನ ಕೊಂಕಣಿಯಲ್ಲೇ, ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿ. ಪಕ್ಕದಲ್ಲಿ ಕನ್ನಡ ಕೊಡಿ. ಕಾರವಾರ, ಕುಮಟೆಯ ಎಷ್ಟೋ ಓದುಗರಿಗೆ ಕೊಂಕಣಿ ಮನೆಮಾತೇ. ಅಚ್ಚಿಗೆ ಕಳಿಸುವ ಮೊದಲು ಅವನಿಗೆ ಓದಿ ಹೇಳಿ. ತಲೆಬರಹ ಅವನೇ ಇಟ್ಟರೆ ಇನ್ನೂ ಒಳ್ಳೆಯದು. ಎರಡನೇ ಸಂಚಿಕೆಯ ಹೊತ್ತಿಗಾದರೂ ಸಂಪಾದಕರಲ್ಲಿ ಒಬ್ಬರು ಸಿದ್ಧಿಯರಾಗಿರಲಿ.

ಇನ್ನು ನೋಂದಣಿ, ಹಣದ ಮಾತು. ಸುದ್ದಿ, ಅದರ ಮೇಲಿನ ಅಭಿಪ್ರಾಯ ಇರುವ ನಿಯತಕಾಲಿಕಕ್ಕೆ ನೋಂದಣಿ ಬೇಕು; 2023ರ ಹೊಸ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ, ಅರ್ಜಿ ಆನ್‌ಲೈನ್‌ನಲ್ಲಿ. 2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ಕಡಿಮೆ ದರದಲ್ಲಿ ಪುಸ್ತಕ ಕಳಿಸುವ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಲ್ಲಿಸಿತು, ಸಣ್ಣ ಪ್ರಕಾಶಕರಿಗೆ ಅದು ದೊಡ್ಡ ಪೆಟ್ಟು. ಆದ್ದರಿಂದ ಚಂದಾ ಗೊತ್ತುಮಾಡುವಾಗಲೇ ಅಂಚೆ ಖರ್ಚು ಸೇರಿಸಿಕೊಳ್ಳಿ. ಹಣ ಕಡಿಮೆ ಬಿತ್ತೆಂದು ನಾಳೆ ಜಾಹೀರಾತಿಗೆ ಕೈಯೊಡ್ಡುವ ಹಾಗಾಗಬಾರದು.